ಹೊಳೆ, ಕಡಲು ಮತ್ತು ಅಂಜನಮ್ಮನ ಮೂರು ಗಂಟು

ಪೀಣ್ಯ ಎರಡನೇ ಹಂತದ ಒಂದು ತಗಡಿನ ಶೆಡ್ಡಿನಲ್ಲಿ ಅಂಜನಮ್ಮ ಇಪ್ಪತ್ತೆರಡು ವರ್ಷ ಹೊಲಿದದ್ದು ಒಂದೇ ವಸ್ತುವನ್ನು: ನೀರಿಗೆ ಬಿದ್ದವರನ್ನು ಮುಳುಗಗೊಡದ ಕಿತ್ತಳೆ ಬಣ್ಣದ ಲೈಫ್ ಜಾಕೆಟ್. ತಾವು ಮಾತ್ರ ಚಿಕ್ಕಬಾಣಾವರದ ಕೆರೆಯಲ್ಲಿ ಬಟ್ಟೆ ಒಗೆಯುವಾಗ ಮೊಣಕಾಲುದ್ದ ಇಳಿದದ್ದು ಬಿಟ್ಟರೆ ನೀರಿನ ಸಹವಾಸ ಮಾಡಿದವರಲ್ಲ. ಈಜು ಬಾರದು. ಹಡಗನ್ನು ನೋಡಿದ್ದು ಶೆಡ್ಡಿನ ಗೋಡೆಯ ಕ್ಯಾಲೆಂಡರಿನಲ್ಲಿ.

ಆ ಜಾಕೆಟ್ಟಿನ ಎಡಭುಜದ ಹತ್ತಿರ ಒಂದು ಪುಟ್ಟ ಪೀಪಿ ಇರುತ್ತದೆ. ಅಲೆಗಳ ನಡುವೆ ತೇಲುವವರು ಕೂಗಿ ಕೂಗಿ ಗಂಟಲು ಕಟ್ಟಿದ ಮೇಲೆ ಊದಲಿ ಎಂದು. ಅದನ್ನು ದಾರದಲ್ಲಿ ಜಾಕೆಟ್ಟಿಗೆ ಬಿಗಿಯುವುದು ಕೊನೆಯ ಕೆಲಸ, ಮಾದರಿಯ ಪ್ರಕಾರ ಎರಡು ಗಂಟು. ಅಂಜನಮ್ಮ ಸೇರಿದ ದಿನದಿಂದ ಮೂರು ಹಾಕಿದರು. ಅದು ಸೂಪರ್‌ವೈಸರ್ ಶೇಖರಪ್ಪನ ಕಣ್ಣಿಗೆ ಬಿತ್ತು.

"ಏನಮ್ಮಾ, ಜಾಕೆಟ್‌ಗೆ ತಾಳಿ ಕಟ್ತಾ ಇದೀಯಾ?"

"ಎಲ್ಡು ಗಂಟು ಜಾರ್ತದೆ ಸಾರ್. ಮೂರು ಗಂಟು ಜಾರಾಕಿಲ್ಲ. ನಮ್ಮನೇವ್ರನ್ನೇ ನೋಡಿ, ಅದಿನಾರು ವರ್ಸ ಆಯ್ತು, ಎಲ್ಲಾನ ಜಾರವ್ರಾ?"

ಇಡೀ ಶೆಡ್ಡು ಮಿಷಿನ್ ನಿಲ್ಲಿಸಿ ನಕ್ಕಿತು. ಶೇಖರಪ್ಪ ತಾನೂ ನಕ್ಕು, ಒಂದು ದಾರವನ್ನು ಜಗ್ಗಿ ನೋಡಿ, ಮುಂದೆ ಆ ಮಾತು ಎತ್ತಲಿಲ್ಲ. ಬೇರೆ ಯಾರೂ ಮೂರನೇ ಗಂಟಿನ ತಂಟೆಗೆ ಹೋಗಲಿಲ್ಲ. ಹಾಗಾಗಿ, ಲೋಕದ ಯಾವ ಮೂಲೆಯಲ್ಲಾದರೂ ಆ ಕಂಪನಿಯ ಜಾಕೆಟ್ಟಿನಲ್ಲಿ ಮೂರು ಗಂಟಿನ ಪೀಪಿ ಕಂಡರೆ ಅದು ಅಂಜನಮ್ಮನ ಕೈಯದೇ.

ಅವರು ನಿವೃತ್ತರಾದ ಸಂಜೆ ಹಾರ, ಶಾಲು, ಒಂದು ಗೋಡೆ ಗಡಿಯಾರ ಹಿಡಿದುಕೊಂಡು ರಾಜಗೋಪಾಲನಗರದ ಮನೆಗೆ ಬಂದರು. ಜೊತೆಗೆ ಕೊನೆಯ ದಿನ ಶೇಖರಪ್ಪನನ್ನು ಕೇಳಿ ತುಂಡುಬಟ್ಟೆಯಲ್ಲಿ ಮೊಮ್ಮಗಳು ಚಾರ್ವಿಯ ಅಳತೆಗೆ ಹೊಲಿದ ಒಂದು ಮರಿ ಜಾಕೆಟ್ಟು. ನಾಲ್ಕೂವರೆ ವರ್ಷದ ಚಾರ್ವಿ ಅದನ್ನು ಹಾಕಿಕೊಂಡು ಸೋಫಾದಿಂದ ನೆಲಕ್ಕೆ ಹಾರುತ್ತಿದ್ದಾಗ ಮಗ ಮುನೀಂದ್ರ ಕೇಳಿದ: "ಅಮ್ಮಾ, ಎಲ್ಲಿಗೆ ಕರ್ಕೊಂಡು ಹೋಗ್ಲಿ ಹೇಳು. ಕಾಶಿ? ತಿರುಪತಿ?"

"ಅಡಗಿಗೆ," ಎಂದರು ಅಂಜನಮ್ಮ.

"ಹಡಗಿಗಾ?"

"ಊಂ. ಇಪ್ಪತ್ತೆಲ್ಡು ವರ್ಸ ವಲ್ದು ವಲ್ದು ಕಳಿಸ್ದೆ. ಓದೋವು ಒಂದೂ ಕಾಗ್ದ ಬರೀಲಿಲ್ಲ. ಒಂದಾನ ಕಣ್ಣಾರೆ ನೋಡ್ಬೇಕು ಕಣಪ್ಪ, ಅದು ಇರ್ಬೇಕಾದ ಜಾಗ್ದಾಗೆ."

ಅಡುಗೆಮನೆಯಲ್ಲಿ ಹಾಲು ಆರಿಸುತ್ತಿದ್ದ ಸೊಸೆ ಪ್ರಿಯಾಂಕಾಳ ಕೈ ಅಲ್ಲಿಯೇ ನಿಂತಿತು.

ಪ್ರಿಯಾಂಕಾ ದಾಸರಹಳ್ಳಿಯ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಮಗಳ ಸ್ನಾನದ ಬಕೆಟ್ಟಿಗೂ ಅರ್ಧಕ್ಕಿಂತ ಹೆಚ್ಚು ನೀರು ಬಿಡದವಳು. ಶಾಲೆಯ ವ್ಯಾನು ಐದು ನಿಮಿಷ ತಡವಾದರೆ ಡ್ರೈವರನಿಗೆ, ಆಯಾಗೆ, ಮುಂದಿನ ಸ್ಟಾಪಿನ ಮಗುವಿನ ತಾಯಿಗೆ, ಮೂವರಿಗೂ ಫೋನು ಹೋಗುತ್ತಿತ್ತು. ಹಡಗು ಎಂಬ ಮಾತು ಕಿವಿಗೆ ಬಿದ್ದ ಗಳಿಗೆಯಲ್ಲೇ ಅವಳ ಕಣ್ಣ ಮುಂದೆ ಕಂಬಿಯ ಸಂದು, ಸಂದಿನಲ್ಲಿ ತೂರಿದ ಮಗಳ ತಲೆ, ಕೆಳಗೆ ಕಪ್ಪು ನೀರು ಬಂದು ನಿಂತವು. ಆದರೆ ಅತ್ತೆಯ ಮುಖವೂ ಕಂಡಿತು. ತಾನು ಸೊಸೆಯಾಗಿ ಬಂದ ಈ ಆರು ವರ್ಷದಲ್ಲಿ ಆಕೆ ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ಅದೇ ಮೊದಲು.

ಹತ್ತು ದಿನ ಅವಳು ಬಸ್ಸಿನಲ್ಲಿ, ಊಟದ ಬಿಡುವಿನಲ್ಲಿ ಫೋನು ಹಿಡಿದು ಹೊಳೆಯ ಪ್ರವಾಸವನ್ನೂ ಕಡಲಿನ ಪ್ರವಾಸವನ್ನೂ ತೂಗಿದಳು. ವಾಂತಿ ಎಲ್ಲಿ ಹೆಚ್ಚು, ಡಾಕ್ಟರು ಎಲ್ಲಿರುತ್ತಾರೆ, ದಡ ಎಷ್ಟು ದೂರ, ಮಕ್ಕಳ ಹಾಲು ಸಿಗುತ್ತದೋ ಇಲ್ಲವೋ. ಕೊನೆಗೆ ತೀರ್ಪು ಕೊಟ್ಟಳು.

"ಅತ್ತೆ, ಮೊದ್ಲು ಗೋದಾವರಿ ಲಾಂಚ್‌ನಲ್ಲಿ ಎರಡು ದಿನ ಹೋಗ್ಬರೋಣ. ಎರಡೂ ಕಡೆ ದಡ ಕಾಣ್ತಿರುತ್ತೆ. ಅದು ಚೆನ್ನಾಗಾದ್ರೆ ಆಮೇಲೆ ಸಮುದ್ರ. ಪ್ರಾಮಿಸ್."

"ಲಾಂಚಲ್ಲೂ ಜಾಕೀಟು ಇರ್ತವಾ?"

"ಇರ್ಲೇಬೇಕು ಅತ್ತೆ. ಇಲ್ದಿದ್ರೆ ನಾನು ಹತ್ತೋದೇ ಇಲ್ಲ."

ಮಾವ ವೆಂಕಟಪ್ಪನನ್ನೂ ಕರೆದರು. ಅವರು ಬರಲು ಒಪ್ಪಲಿಲ್ಲ. "ನಂಗೆ ಕಾವೇರಿ ನೀರು ಕೊಳಾಯಿಲಿ ಬಂದ್ರೆ ಅಷ್ಟೇ ಸಾಕು. ನೀವು ಓಗ್ಬನ್ನಿ" ಎಂದರು.

ಗೋದಾವರಿಯನ್ನು ಕಂಡು ಅಂಜನಮ್ಮನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಲಾಂಚು ಎಂದರೆ ಎರಡು ಮಹಡಿಯ ದೋಣಿ, ಎಂಬತ್ತು ಕುರ್ಚಿ. ಮಧ್ಯಾಹ್ನದೊಳಗೆ ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ, ಯಾರಿಗೆ ಸಕ್ಕರೆ ಕಾಯಿಲೆ ಎಂಬುದು ಎಲ್ಲರಿಗೂ ಗೊತ್ತಾಯಿತು. ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರಿಗೆ ಕೈ ಬೀಸಿದರೆ ಅವರೂ ಬೀಸಿದರು. ನೀರು ಎಷ್ಟು ಸಾಧು ಎಂದರೆ ಲೋಟದ ಚಹಾ ಅಲುಗಲಿಲ್ಲ. ಬಿಸಿ ಅನ್ನ, ಪಪ್ಪು ಎಂಬ ತೊವ್ವೆ, ಗೋಂಗುರ ಸೊಪ್ಪಿನ ಚಟ್ನಿ. ಸಂಜೆಯಾದರೆ ಲಾಂಚನ್ನು ಎಮ್ಮೆ ಕಟ್ಟಿದ ಹಾಗೆ ದಡದ ಗೂಟಕ್ಕೆ ಕಟ್ಟಿಬಿಡುತ್ತಾರೆ. ಪ್ರಿಯಾಂಕಾಗೆ ಅದು ಎಲ್ಲಕ್ಕಿಂತ ಹಿಡಿಸಿತು.

ಆದರೆ ಬೆಟ್ಟಗಳು ಎರಡೂ ಬದಿಯಿಂದ ಒತ್ತಿ ಬಂದು, ಹೊಳೆ ಕಿರಿದಾಗಿ, ಜನರೆಲ್ಲ ಮುಂಭಾಗಕ್ಕೆ ಓಡಿದ ಹೊತ್ತಿನಲ್ಲಿ ಅಂಜನಮ್ಮ ಕಾಣಲಿಲ್ಲ. ಪ್ರಿಯಾಂಕಾ ಮಗಳನ್ನು ಎತ್ತಿಕೊಂಡು ಓಡಿದಳು. ಹುಡುಕಿದರೆ ಆಕೆ ಹಿಂಬದಿಯಲ್ಲಿ ಜಾಕೆಟ್ಟುಗಳ ರಾಶಿಯ ನಡುವೆ ಕಾಲು ಚಾಚಿ ಕೂತಿದ್ದರು. ಒಂದೊಂದನ್ನೂ ಎತ್ತಿ ಪಟ್ಟಿ ಜಗ್ಗುವುದು, ಬಕಲು ಹಾಕಿ ತೆಗೆಯುವುದು, ಬಲಕ್ಕೆ ಇಡುವುದು. ಒಂದರ ಪಟ್ಟಿ ಕಿತ್ತಿತ್ತು. ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, ಕೈಚೀಲದಲ್ಲಿ ಸದಾ ಇರುವ ಸೂಜಿದಾರ ತೆಗೆದು ಹೊಲಿಯುತ್ತಿದ್ದರು. ಪಕ್ಕದಲ್ಲಿ ಲಾಂಚಿನ ಮ್ಯಾನೇಜರು ಬೆವರು ಒರೆಸಿಕೊಳ್ಳುತ್ತ, ಎರಡು ಕೈಯಲ್ಲೂ ತಂಪು ಪಾನೀಯದ ಬಾಟಲಿ ಹಿಡಿದು ನಿಂತಿದ್ದ. ಈಕೆ ಸರ್ಕಾರದಿಂದ ಗುಟ್ಟಾಗಿ ಪರೀಕ್ಷೆಗೆ ಬಂದ ಅಧಿಕಾರಿ ಎಂದು ಅವನ ಗಟ್ಟಿ ನಂಬಿಕೆ.

"ಅತ್ತೆ! ಬೆಟ್ಟ ನೋಡೋಕೆ ಬಂದು ಇದೇನು?"

"ಬೆಟ್ಟಕ್ಕೇನಾಯ್ತದೆ, ಅದೆಲ್ಲೂ ಓಗಾಕಿಲ್ಲ. ಇದರ ಪಟ್ಟಿ ನೋಡವ್ವ ನೀನು." ಆಮೇಲೆ ಆಕೆ ದನಿ ತಗ್ಗಿಸಿದರು. "ಇವು ನಮ್ಮವಲ್ಲ ಕಣಮ್ಮಾ. ಒಳೆ ಜಾಕೀಟು. ಮುಂದೊಂದು ಅಲಗೆ, ಇಂದೊಂದು ಅಲಗೆ, ಅಷ್ಟೇಯ. ಕಾಲರಿಲ್ಲ, ದೀಪಿಲ್ಲ, ಪೀಪಿನೂ ಇಲ್ಲ. ಒಳೇಲಿ ಬಿದ್ರೆ ದಡದಾಗಿನೋರು ಎಳ್ಕೊಂತಾರೆ, ಯಾಕೆ ಬೇಕು? ನಮ್ದು ಸಮುದ್ರದ್ದು. ಮೂರ್ಚೆ ಓದ್ರೂ ಮಕ ಮ್ಯಾಕೇ ತಿರುಗಿಸ್ತದೆ. ಯಾರೂ ಇಲ್ದಿರೋ ಜಾಗಕ್ಕೆ ಮಾಡಿರೋದು ಅದು."

ಯಾರೂ ಇಲ್ಲದ ಜಾಗ! ಪ್ರಿಯಾಂಕಾಗೆ ಊರು ಮುಟ್ಟುವತನಕ ಆ ಮಾತು ಬಿಡಲಿಲ್ಲ. ಆದರೆ ಪ್ರಯಾಣ ಚೆನ್ನಾಗಿಯೇ ಆಗಿತ್ತು, ಮಾತು ಕೊಟ್ಟದ್ದೂ ಆಗಿತ್ತು.

ಫೆಬ್ರವರಿಯಲ್ಲಿ ಮುಂಬೈಗೆ ಹೋಗಿ, ಗೋವಾ ಸುತ್ತಿ ಮತ್ತೆ ಮುಂಬೈಗೇ ಬರುವ ಮೂರು ದಿನದ ಹಡಗು ಹತ್ತಿದರು. ಬಂದರಿನಲ್ಲಿ ಅದನ್ನು ಕಂಡ ಚಾರ್ವಿ, "ಅಜ್ಜೀ, ಅಪಾರ್ಟ್‌ಮೆಂಟು!" ಎಂದಳು. ಹನ್ನೊಂದು ಮಹಡಿ, ಲಿಫ್ಟು, ಈಜುಕೊಳ, ಮಕ್ಕಳ ಜಾರುಬಂಡೆ. ಸಮುದ್ರದ ಮೇಲೊಂದು ಈಜುಕೊಳ ಯಾಕೆ ಎಂದು ಅಂಜನಮ್ಮ ಎರಡು ಸಲ ಕೇಳಿದರು. ದೋಸೆಯಿಂದ ಹಿಡಿದು ಹೆಸರು ಹೇಳಲಾಗದ ಪದಾರ್ಥಗಳವರೆಗೆ ದಿನವಿಡೀ ಊಟ. ಹಡಗು ಹೊರಟದ್ದೇ ತಿಳಿಯಲಿಲ್ಲ. ಊರೇ ನಿಧಾನಕ್ಕೆ ಹಿಂದೆ ಸರಿದ ಹಾಗಾಯಿತು. ಮುನೀಂದ್ರ ಹುಡುಗನಂತೆ ಮೆಟ್ಟಿಲು ಹತ್ತಿ ಇಳಿದ. ಪ್ರಿಯಾಂಕಾಳ ಒಳಗೂ ಏನೋ ಕುಣಿಯಿತು. ಅದು ಭಯವೇ, ಖುಷಿಯೇ ಎಂದು ಅವಳಿಗೆ ಬಿಡಿಸಲಾಗಲಿಲ್ಲ.

ಕೋಣೆಗೆ ಬಂದವರೇ ಅಂಜನಮ್ಮ ಬೀರು ತೆರೆದರು. ನಾಲ್ಕು ಜಾಕೆಟ್ಟು. ಒಂದೊಂದರ ಎಡಭುಜಕ್ಕೂ ಕೈ ಹೋಯಿತು. ದಾರದ ಬದಲು ಪ್ಲಾಸ್ಟಿಕ್ ಕೊಂಡಿ.

"ಬೇರೆ ಕಂಪ್ನಿದು," ಎಂದು ಮಡಿಸಿ ಒಳಗಿಟ್ಟರು. ಸೆರಗಿನ ಅಂಚನ್ನು ಮೊಣಕಾಲ ಮೇಲೆ ಸುಮ್ಮನೆ ನೀವುತ್ತ ಕೂತರು.

"ಬೇರೆ ರೂಮುಗಳಲ್ಲಿ ಇರ್ಬಹುದು ಅತ್ತೆ."

"ಅವ್ರಿವ್ರ ರೂಮಿಗೆ ನುಗ್ಗಕ್ಕಾಯ್ತದಾ? ಓಗ್ಲಿ ಬಿಡು. ಅಡಗು ನೋಡ್ದೆನಲ್ಲ."

ಪ್ರಿಯಾಂಕಾ ಅಷ್ಟಕ್ಕೇ ಬಿಡಲಿಲ್ಲ. ಕೋಣೆ ಸ್ವಚ್ಛ ಮಾಡಲು ಬಂದ ಹೆಂಗಸನ್ನು ಕೇಳಿದಳು, ರಿಸೆಪ್ಷನ್ನಿನಲ್ಲಿ ಕೇಳಿದಳು. ಅತ್ತೆಯ ಕಂಪನಿಯ ಹೆಸರು ಹೇಳಿ, ಪೀಣ್ಯ ಎಂದು ಹೇಳಿ, ಗಂಟಿನ ಕಥೆ ಹೇಳಿದಳು. ಅವರು ನಗುನಗುತ್ತ ಊಟದ ವೇಳಾಪಟ್ಟಿ ಕೊಟ್ಟು ಕಳಿಸಿದರು. ಹಾಗೇ ಒಂದು ದಿನ ಕಳೆಯಿತು. ಎರಡನೆಯ ಸಂಜೆ ಬಂತು. ಮರುದಿನ ಬೆಳಿಗ್ಗೆ ಹಡಗು ಇಳಿಯಬೇಕು.

ಅಂದು ಸಂಜೆ ಗಾಳಿ ಎದ್ದಿತು. ಮೊದಲು ಟೇಬಲ್ಲಿನ ಮೇಲಿನ ಪೆನ್ನು ಉರುಳಿತು. ಆಮೇಲೆ ಮುನೀಂದ್ರ ಉರುಳಿದ. "ನಂಗೆ ಊಟದ ಸುದ್ದಿ ಎತ್ತಬೇಡಿ" ಎಂದು ಮುಸುಕು ಹಾಕಿಕೊಂಡ. ಕಿಟಕಿಯಾಚೆ ನೋಡಿದರೆ ದಡವಿಲ್ಲ, ದೀಪವಿಲ್ಲ, ಬಟ್ಟೆ ಒಗೆಯುವ ಹೆಂಗಸರಿಲ್ಲ. ಫೋನಿನಲ್ಲಿ ಸಿಗ್ನಲ್ಲಿಲ್ಲ. ಯಾರೂ ಇಲ್ಲದ ಜಾಗ.

ಪ್ರಿಯಾಂಕಾ ಬ್ಯಾಗಿನ ತಳದಿಂದ ಮಗಳ ಮರಿ ಜಾಕೆಟ್ಟು ಎಳೆದಳು.

"ಬಾ ಚಾರ್ವಿ, ಹಾಕ್ಕೊ. ಊಟಕ್ಕೆ ಹೋಗೋಣ."

"ನಾನೊಬ್ಳೇ ಹಾಕ್ಕೊಳಲ್ಲ. ಎಲ್ಲಾ ನಗ್ತಾರೆ. ಅಜ್ಜಿನೂ ಹಾಕ್ಕೊಬೇಕು. ನೀನೂ."

"ಅಷ್ಟೇನಾ? ತತ್ತಾ ಇತ್ಲಾಗೆ," ಎಂದರು ಅಂಜನಮ್ಮ.

ಹೀಗೆ ಮೂರು ತಲೆಮಾರು ಕಿತ್ತಳೆ ಬಣ್ಣದ ಜಾಕೆಟ್ಟು ತೊಟ್ಟು, ಎಲ್ಲ ಪಟ್ಟಿ ಬಿಗಿದು, ಕಾಲರ್ ಏರಿಸಿ ಊಟದ ಹಾಲ್‌ಗೆ ನಡೆದವು. ಮುಂದೆ ಅಜ್ಜಿ, ನಡುವೆ ಮೊಮ್ಮಗಳು, ಹಿಂದೆ ಮುಖ ಬಿಳಿಚಿಕೊಂಡ ತಾಯಿ.

ಹಾಲ್‌ನ ಬಾಗಿಲಲ್ಲಿ ಜಿಲೇಬಿಯ ತಟ್ಟೆ ಹಿಡಿದಿದ್ದ ಒಬ್ಬಾಕೆ ಇವರನ್ನು ನೋಡಿದಳು. ತಟ್ಟೆ ನೋಡಿದಳು. ಮತ್ತೆ ಇವರನ್ನು ನೋಡಿದಳು. "ಏ ಜೀ, ಸುನಿಯೇ!" ಎಂದು ಗಂಡನನ್ನು ಕೂಗಿದಳು. ಅದೇ ಹೊತ್ತಿಗೆ ಹಡಗು ಒಂದು ಪಕ್ಕಕ್ಕೆ ವಾಲಿತು. ಯಾರದೋ ಚಮಚ ಬಿತ್ತು, ಯಾರೋ "ಜಾಕೆಟ್!" ಎಂದರು. ಅಷ್ಟೇ. ಕುರ್ಚಿಗಳು ಹಿಂದೆ ಸರಿದವು. ಜನ ಮೆಟ್ಟಿಲು ಹಿಡಿದು ಕೋಣೆಗಳಿಗೆ ಓಡಿದರು. ಪ್ರಿಯಾಂಕಾ ಬಾಯಿ ತೆರೆದು "ಅಲ್ಲ, ಏನಿಲ್ಲ, ಇದು ಸುಮ್ನೆ" ಎಂದು ಮೂರು ಭಾಷೆಯಲ್ಲಿ ಹೇಳುವಷ್ಟರಲ್ಲಿ, ಕಾರಿಡಾರಿನ ಉದ್ದಕ್ಕೂ ಜಾಕೆಟ್ಟು ತೊಟ್ಟವರ ಸಾಲೇ ನೆರೆದಿತ್ತು. ರೇಷ್ಮೆ ಸೀರೆಯ ಮೇಲೆ ಜಾಕೆಟ್ಟು, ಸೂಟಿನ ಮೇಲೆ ಜಾಕೆಟ್ಟು, ರಾತ್ರಿ ನಿಲುವಂಗಿಯ ಮೇಲೆ ಜಾಕೆಟ್ಟು.

ಧ್ವನಿವರ್ಧಕ ಗೊರಗೊರ ಎಂದಿತು: ಯಾವ ಅಪಾಯವೂ ಇಲ್ಲ, ದಯವಿಟ್ಟು ಶಾಂತರಾಗಿರಿ. ಬಿಳಿ ಸಮವಸ್ತ್ರದ ಅಧಿಕಾರಿಯೊಬ್ಬ ಏದುಸಿರು ಬಿಡುತ್ತ ಬಂದ. ಎದೆಯ ಪಟ್ಟಿಯಲ್ಲಿ ಮಲ್ಲಿಕ್ ಎಂದಿತ್ತು. ಇಂಗ್ಲಿಷಿನಲ್ಲಿ ಗದರಲು ಶುರುಮಾಡಿದವನು, ಪ್ರಿಯಾಂಕಾ ಹಣೆ ಚಚ್ಚಿಕೊಂಡು "ಅಯ್ಯೋ ದೇವ್ರೇ, ಏನ್ ಮಾಡ್ಬಿಟ್ಟೆ ನಾನು" ಎಂದದ್ದು ಕೇಳಿ ನಿಂತ.

"ಕನ್ನಡದವ್ರೇನ್ರಿ? ನಾ ಹುಬ್ಬಳ್ಳಿಯಂವ. ಏನ್ರಿ ಮೇಡಂ ಇದು! ಹಡಗ ಮುಳುಗಲಿಲ್ಲ, ನೀವ ನನ್ನ ಮುಳುಗಿಸಿಬಿಟ್ಟಿರಲ್ಲ!"

"ಸಾರಿ ಸಾರ್. ಮಗು ಸಾರ್. ಅಲೆ ಜಾಸ್ತಿ ಆಯ್ತಲ್ಲ, ಅದಕ್ಕೇ ನಾನು..."

ಪ್ರಿಯಾಂಕಾ ಮಾತು ಮುಗಿಸಲಿಲ್ಲ. ಅತ್ತೆಯ ಮುಖ ಅವಳ ಕಣ್ಣಿಗೆ ಬಿದ್ದಿತ್ತು.

ಅಂಜನಮ್ಮ ಕಾರಿಡಾರನ್ನು ನೋಡುತ್ತಿದ್ದರು. ಬೀಗ ಹಾಕಿದ ಬಾಗಿಲುಗಳ ಹಿಂದೆ, ಅವರಿವರ ಬೀರುಗಳೊಳಗೆ ಅಡಗಿದ್ದ ಜಾಕೆಟ್ಟುಗಳೆಲ್ಲ ತಾವಾಗಿಯೇ ನಡೆದು ಬಂದು ಸಾಲಾಗಿ ನಿಂತಿದ್ದವು! ಶೆಡ್ಡಿನ ಚೆಕಿಂಗ್ ಟೇಬಲ್ಲಿನ ಮುಂದೆ ನಿಲ್ಲುವಾಗಿನ ಬಿಗಿ ಅವರ ಬೆನ್ನಿಗೆ ಬಂತು.

"ಯಾರೂ ಬಿಚ್ಬೇಡಿ! ಸಾರ್, ಯಾರೂ ಬಿಚ್ಬೇಡಿ ಅನ್ನಿ!"

"ಯಾಕ್ರೀ ಅಮ್ಮಾ?"

ಪ್ರಿಯಾಂಕಾ ಒಂದೇ ಉಸಿರಿನಲ್ಲಿ ಹೇಳಿದಳು. ಪೀಣ್ಯ, ಇಪ್ಪತ್ತೆರಡು ವರ್ಷ, ಪೀಪಿ, ಮೂರು ಗಂಟು, ನಾಳೆ ಇಳಿಯಬೇಕು. ಮಲ್ಲಿಕ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಒಮ್ಮೆ ಮುದುಕಿಯನ್ನು, ಒಮ್ಮೆ ಸಾಲನ್ನು ನೋಡಿದ. ಆಮೇಲೆ ಜನರ ಕಡೆ ತಿರುಗಿ ಗಂಭೀರವಾಗಿ ಇಂಗ್ಲಿಷಿನಲ್ಲಿ, "ಎಲ್ಲರೂ ಇದ್ದಲ್ಲೇ ನಿಲ್ಲಿ. ಜಾಕೆಟ್ ತಜ್ಞರು ಒಮ್ಮೆ ಪರೀಕ್ಷೆ ಮಾಡುತ್ತಾರೆ" ಎಂದ.

ತಜ್ಞರು ಹೊರಟರು. ಎಡಭುಜಕ್ಕೆ ಕೈ, ದಾರಕ್ಕೆ ಹೆಬ್ಬೆರಳು, ಮುಂದಿನವರು. ಪ್ಲಾಸ್ಟಿಕ್ ಕೊಂಡಿ. ಪ್ಲಾಸ್ಟಿಕ್ ಕೊಂಡಿ. ದಾರ! ಎರಡು ಗಂಟು. ಹಡಗು ವಾಲಿದಾಗ ಒಬ್ಬರ ಹೆಗಲು ಹಿಡಿದು ನಿಂತು ಮತ್ತೆ ಮುಂದೆ. ಹೋಗುತ್ತ ಹೋಗುತ್ತ ಸಡಿಲವಾದ ಪಟ್ಟಿಗಳನ್ನು ಬಿಗಿದರು. ಒಬ್ಬ ಸೂಟಿನವನಿಗೆ "ಉಲ್ಟಾ ಆಕ್ಕಂಡಿದೀಯ ಕಣಪ್ಪ" ಎಂದು ಕನ್ನಡದಲ್ಲೇ ಹೇಳಿ ತಿರುಗಿಸಿ ತೊಡಿಸಿದರು. ಅವನು ಕೈಮುಗಿದ. ಚಾರ್ವಿ ಅಜ್ಜಿಯ ಹಿಂದೆ ಓಡುತ್ತ, "ಇದಾ ಅಜ್ಜಿ? ಇದಾ?" ಎಂದು ಕೂಗುತ್ತಿದ್ದಳು. ಪ್ರಿಯಾಂಕಾ ಮಗಳ ಕೈ ಹಿಡಿಯುವುದನ್ನು ಮರೆತು ತಾನೂ ಭುಜ ಭುಜ ನೋಡತೊಡಗಿದ್ದಳು.

ನಲವತ್ತು ಮುಗಿಯಿತು, ಐವತ್ತು ಮುಗಿಯಿತು. ಸಾಲು ತೆಳುವಾಯಿತು. ಅಂಜನಮ್ಮನ ಹೆಜ್ಜೆ ನಿಧಾನವಾಯಿತು. ಕೊನೆಗೆ ಲಿಫ್ಟಿನ ಪಕ್ಕದಲ್ಲಿ, ಗೋಡೆಗೆ ಅಂಟಿಕೊಂಡು, ಸೊಂಟಕ್ಕೆ ಟವೆಲ್ಲು, ತಲೆಯಲ್ಲಿ ಶಾಂಪೂ ನೊರೆ, ಮೈಮೇಲೆ ಜಾಕೆಟ್ಟು, ಇಷ್ಟೇ ಇದ್ದ ಒಬ್ಬ ದಢೂತಿ ಗೃಹಸ್ಥ ಉಳಿದಿದ್ದ. ಹತ್ತಿರ ಬರುತ್ತಿದ್ದ ಹೆಂಗಸರನ್ನು ಕಂಡು ಟವೆಲ್ಲನ್ನು ಎರಡು ಕೈಯಿಂದ ಅವುಚಿಕೊಂಡ.

ಅಂಜನಮ್ಮ ಅವನ ಮುಖವನ್ನೇ ನೋಡಲಿಲ್ಲ. ದಾರ ಹಿಡಿದರು. ಹೆಬ್ಬೆರಳು ಒಂದರ ಮೇಲೆ ಹೋಯಿತು. ಎರಡರ ಮೇಲೆ ಹೋಯಿತು.

ಅಲ್ಲಿ ನಿಂತಿತು.

"ಪ್ರಿಯಾಂಕಾ," ಎಂದರು ಮೆಲ್ಲಗೆ. "ನೀನು ಒಂದ್ಸಲ ಎಣ್ಸವ್ವ."

ಪ್ರಿಯಾಂಕಾ ಎಣಿಸಿದಳು. ದಿನವಿಡೀ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಎಣಿಸುವ ಕಣ್ಣು, ಆದರೂ ಎರಡು ಸಲ ಎಣಿಸಿದಳು. ಅವಳ ಕೂಗು ಕಾರಿಡಾರಿನ ಆ ತುದಿಗೆ ಕೇಳಿತು. "ಮೂರು! ಅತ್ತೆ, ಮೂರು!"

ಚಾರ್ವಿ ಕುಣಿದಳು. ಏನೆಂದು ತಿಳಿಯದ ಜನ ಚಪ್ಪಾಳೆ ತಟ್ಟಿದರು. ನೊರೆಯ ಮನುಷ್ಯ ತಾನು ಏನು ಗೆದ್ದೆನೋ ಎಂದು ನಗಲು ಶುರುಮಾಡಿದ. ಅಂಜನಮ್ಮ ಮಾತ್ರ ಆ ಪೀಪಿಯನ್ನು ಅಂಗೈಯಲ್ಲಿ ಇಟ್ಟುಕೊಂಡು ನಿಂತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಅವರು ಒಂದೇ ಒಂದು ಪೀಪಿಯನ್ನೂ ಊದಿರಲಿಲ್ಲ. ಬಾಯಿ ತಾಗಿದ ಪೀಪಿ ರಿಜೆಕ್ಟು ಎಂಬುದು ಶೆಡ್ಡಿನ ಮೊದಲ ನಿಯಮ.

ಅವರ ಕೈ ಬಾಯಿಯ ಕಡೆ ಹೋಗುವುದನ್ನು ಮಲ್ಲಿಕ್ ದೂರದಿಂದಲೇ ಕಂಡ.

"ಬ್ಯಾಡ್ರಿ ಅಮ್ಮಾ! ಈಗಷ್ಟ ಮಂದಿ ಸುಮ್ಮಾಗ್ಯಾರ! ಬ್ಯಾಡ್ರಿ..."

ಅಷ್ಟರಲ್ಲಿ ಅವರು ಊದಿಯೇ ಬಿಟ್ಟಿದ್ದರು. ಕಿವಿ ಸೀಳುವಂಥ, ಉದ್ದನೆಯ, ಯಾವ ಅಲೆಯೂ ಮುಚ್ಚಲಾಗದ ದನಿ. ಮೇಲಿನ ಮಹಡಿಯಲ್ಲಿ ಇನ್ನೊಂದು ಗುಂಪು ಕೋಣೆಗಳಿಗೆ ಓಡಿದ ಸದ್ದಾಯಿತು. ಮಲ್ಲಿಕ್ ಟೋಪಿಯನ್ನು ಕಂಕುಳಲ್ಲಿ ಅವುಚಿಕೊಂಡು ಮೆಟ್ಟಿಲ ಕಡೆ ಓಟ ಕಿತ್ತ.

ಗಲಾಟೆ ಇಳಿದ ಮೇಲೆ ಮೂವರೂ ಗಾಜಿನ ಬಾಗಿಲು ದಾಟಿ ಡೆಕ್ಕಿಗೆ ಬಂದರು. ಗಾಳಿ ಸೆರಗು ಎಳೆಯುತ್ತಿತ್ತು. ಸುತ್ತ ಎಲ್ಲಿ ನೋಡಿದರೂ ನೀರೇ. ಚಾರ್ವಿ ಜಾಕೆಟ್ಟಿನ ಕಾಲರಿನೊಳಗಿಂದ ಕತ್ತು ಉದ್ದ ಮಾಡಿ, "ಅಮ್ಮಾ, ಇದು ಕತ್ತು ಕೆರೀತಿದೆ. ಏನೂ ಕಾಣ್ತಿಲ್ಲ" ಎಂದಳು.

ಪ್ರಿಯಾಂಕಾ ಕಂಬಿಯ ಎತ್ತರ ನೋಡಿದಳು. ಸಂದನ್ನು ಬೆರಳಿನಿಂದ ಅಳೆದಳು. ಆಮೇಲೆ ಬಗ್ಗಿ, ಬಕಲುಗಳನ್ನು ಒಂದೊಂದಾಗಿ ತೆಗೆದು, ಮರಿ ಜಾಕೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು, ಮಗಳನ್ನು ಎತ್ತಿ ಕಡಲು ತೋರಿಸಿದಳು. ಹಿಡಿತ ಮಾತ್ರ ಎಷ್ಟು ಬಿಗಿಯಿತ್ತೆಂದರೆ ಚಾರ್ವಿ "ಉಸಿರಾಡಕ್ಕೆ ಬಿಡಮ್ಮಾ" ಎಂದಳು.

"ಅತ್ತೆ, ಯಾವ್ದು ಚೆನ್ನಾಗಿತ್ತು? ಹೊಳೇನಾ, ಇದಾ?"

ಅಂಜನಮ್ಮ ಹಾರುತ್ತಿದ್ದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. "ಒಳೇಲಿ ಊಟ ಚೆಂದಿತ್ತು. ಜನಾನೂ ಚೆಂದ, ನಮ್ಮೂರ ಬೀದೀಲಿ ಓದಂಗೇ ಇತ್ತು. ಇಲ್ಲಿ ಪಕ್ಕದ್ ರೂಮಿನೋರು ಯಾರಂತಾನೂ ಗೊತ್ತಿರ್ಲಿಲ್ಲ, ನೀನು ಅವ್ರನ್ನ ಓಡಿಸ್ಕೊಂಡು ಬರೋಗಂಟ." ಇಬ್ಬರೂ ನಕ್ಕರು. "ವರ್ಸಕ್ಕೊಂದ್ಸಲ ಓಗಾದಾದ್ರೆ ಒಳೆ ಕಣಮ್ಮಾ. ಒಂದೇ ಒಂದ್ಸಲ ಅಂದ್ರೆ ಇದೇಯಾ."

ಮರುದಿನ ಬೆಳಿಗ್ಗೆ ಮುಂಬೈಯ ಕಟ್ಟಡಗಳು ಮಂಜಿನಲ್ಲಿ ಮೂಡುವಾಗ ಫೋನಿಗೆ ಸಿಗ್ನಲ್ ಬಂತು. ಅಂಜನಮ್ಮ ಮೊದಲು ಕರೆ ಮಾಡಿಸಿದ್ದು ರಾಜಗೋಪಾಲನಗರಕ್ಕೆ. ಸ್ಪೀಕರಿನಲ್ಲಿ ವೆಂಕಟಪ್ಪನ ದನಿ, ಹಿಂದೆ ಕೊಳಾಯಿ ನೀರು ಡ್ರಮ್ಮಿಗೆ ಬೀಳುವ ಸದ್ದು.

"ಸಿಕ್ತು ಕಣ್ರೀ," ಎಂದರು ಅಂಜನಮ್ಮ. "ಜಾರಿಲ್ಲ."

"ಯಾರು? ನಾನಾ?"

"ನೀವಲ್ಲ. ಗಂಟು!"